ಶಸ್ತ್ರಚಿಕಿತ್ಸೆಯ ಬಾಗಿಲಲ್ಲಿ ಮಗು

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಿಂದ ನಾಲ್ಕು ವರ್ಷದ ಮಗುವೊಂದನ್ನು ಹರ್ನಿಯಾದ ಶಸ್ತ್ರಚಿಕಿತ್ಸೆಗೆ ಹುಮನಾಬಾದಿನ ದಾರಿಯಾಗಿ ಬೀದರಿಗೆ ಕರೆದೊಯ್ಯುತ್ತಿರುವರೆಂದು ಭಾವಿಸೋಣ. ಮಗು ಹಟ ಹಿಡಿಯದಿರಲೆಂದು ಹಿರಿಯರು ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯ ಆಸೆ ತೋರಿಸಿರುತ್ತಾರೆ. ಬಸ್ಸು ಹುಮನಾಬಾದನ್ನು ದಾಟಿದೊಡನೆ ಮಗುವಿಗೆ ಸಂದೇಹ ಹುಟ್ಟುತ್ತದೆ. ಸೂಜಿ ಕಂಡಾಗ ಅದು ಖಚಿತವಾಗುತ್ತದೆ. ಆಮೇಲೆ ತಾಯಿ ನಿಜವನ್ನೇ ನುಡಿದರೂ ಅದು ನಂಬುವುದಿಲ್ಲ.

ಹೆತ್ತವರನ್ನು ದೂರವಿಡುವುದೇ ಶಿಸ್ತೆಂದು ಪಾಶ್ಚಾತ್ಯ ಆಸ್ಪತ್ರೆಗಳು ಬಹುಕಾಲ ನಂಬಿದ್ದವು. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳು ದಿನೇ ದಿನೇ ಮಂಕಾದುದನ್ನು ಜೇಮ್ಸ್ ರಾಬರ್ಟ್‌ಸನ್ನರ ಚಲನಚಿತ್ರ 1952ರಲ್ಲಿ ಇಂಗ್ಲೆಂಡಿಗೆ ತೋರಿಸಿತು. 1959ರಲ್ಲಿ ಪ್ಲಾಟ್ ಸಮಿತಿಯು ತಾಯಂದಿರಿಗೆ ಬಾಗಿಲು ತೆರೆಯಬೇಕೆಂದಿತು. ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ನಮ್ಮ ತಾಯಂದಿರಿಗೆ ಇದು ಹೊಸತೇನಲ್ಲ.

ಆದರೆ ಅರಿವಳಿಕೆ ಕೊಡುವ ಕ್ಷಣದಲ್ಲಿ ತಾಯಿ ಬಳಿಯಿದ್ದರಷ್ಟೇ ಸಾಕೆ? ಅಮೆರಿಕದ ಝೀವ್ ಕೇನ್ ಮತ್ತು ಅವರ ಸಂಗಡಿಗರು 1990ರ ದಶಕದಿಂದ ಇದನ್ನು ಪರೀಕ್ಷಿಸಿದರು. ಉತ್ತರ ಅನಿರೀಕ್ಷಿತವಾಗಿತ್ತು: ಬರಿಯ ಸಾನ್ನಿಧ್ಯಕ್ಕಿಂತ ಮೊದಲೇ ಕುಡಿಸಿದ ಮಿಡಜೋಲಾಮ್ ಎಂಬ ಶಾಮಕ ಔಷಧವೇ ಭಯವನ್ನು ಹೆಚ್ಚು ತಗ್ಗಿಸಿತು. ಹೆದರಿದ ಮಗುವಿಗೆ ಶಾಂತಳಾದ ತಾಯಿಯಿಂದ ಉಪಕಾರವಾಯಿತು. ತಾಯಿಯೇ ನಡುಗುತ್ತಿದ್ದರೆ ಶಾಂತವಾಗಿದ್ದ ಮಗುವೂ ಕಳವಳಗೊಂಡಿತು. ಮಗು ಮಾತಿಗಿಂತ ಮೊದಲು ಮುಖವನ್ನು ಓದುತ್ತದಷ್ಟೆ.

ಆದ್ದರಿಂದ ಸಿದ್ಧತೆ ಮನೆಯಲ್ಲಿಯೇ ಆರಂಭವಾಗಬೇಕು. ಕನ್ನಡ, ಮರಾಠಿ, ಉರ್ದು ಬೆರೆತ ಈ ಗಡಿನಾಡಿನಲ್ಲಿ ವೈದ್ಯರ ಮಾತು ಮಗುವಿಗೆ ತಿಳಿಯದೆ ಹೋಗಬಹುದು. ಅದನ್ನು ಮನೆಮಾತಿನಲ್ಲಿ ಹೇಳಬಲ್ಲವಳು ತಾಯಿ. ಮೂಗಿನ ಮೇಲೆ ಮುಖವಾಡ ಇಡುತ್ತಾರೆ, ನಿದ್ದೆ ಬರುತ್ತದೆ, ಎದ್ದಾಗ ಸ್ವಲ್ಪ ನೋಯುತ್ತದೆ, ಆಗ ಇಂಥವರು ಬಳಿ ಇರುತ್ತಾರೆ—ಇಷ್ಟು ಸಾಕು. ನೋವೇ ಇಲ್ಲವೆಂಬ ಭರವಸೆ ಬೇಡ. ಕೇನರ ತಂಡ ಮುಖವಾಡವನ್ನು ಮುಂಚೆಯೇ ಮನೆಗೆ ಕೊಟ್ಟು ಆಡಿಸಿ ನೋಡಿತು. 2007ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಸಿದ್ಧಗೊಂಡ ಕುಟುಂಬಗಳ ಮಕ್ಕಳ ಕಳವಳ ಕಡಿಮೆಯಿತ್ತು.

ಹಸಿವಿನ ಕಾರಣವನ್ನೂ ಮಗುವಿಗೆ ತಿಳಿಸಬೇಕು. ಸಾಮಾನ್ಯವಾಗಿ ಆರು ಗಂಟೆ ಮೊದಲೇ ಆಹಾರವನ್ನೂ ಎರಡು ಗಂಟೆ ಮೊದಲು ನೀರನ್ನೂ ನಿಲ್ಲಿಸುತ್ತಾರೆ. ಅಜ್ಜಿ ಕನಿಕರದಿಂದ ಗುಟ್ಟಾಗಿ ಕೊಟ್ಟ ಬಿಸ್ಕತ್ತು ಅರಿವಳಿಕೆಯಲ್ಲಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಕೊಟ್ಟಿದ್ದರೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿಬಿಡಬೇಕು.

ಮನೆಗೆ ಮರಳಿದ ಮೇಲೆ ಕೆಲವು ದಿನ ಮಗು ರಾತ್ರಿ ಬೆಚ್ಚಿ ಏಳಬಹುದು, ಹಾಸಿಗೆ ಒದ್ದೆ ಮಾಡಬಹುದು, ತಾಯಿಯ ಸೆರಗು ಬಿಡದಿರಬಹುದು. ಗದರಿಸಬಾರದು. ವಾರಗಳು ಕಳೆದರೂ ನಿಲ್ಲದಿದ್ದರೆ ವೈದ್ಯರನ್ನು ಮತ್ತೆ ಕಾಣುವುದು ಒಳ್ಳೆಯದು.