ಟ್ರೈಲರ್ ಚಕ್ರಕ್ಕೆ ಗ್ರೀಸು ಹಾಕಿದರಷ್ಟೇ ಸಾಕೆ?

ಪ್ರಶ್ನೆ: ಭತ್ತ, ಕಬ್ಬು ಹೇರುವ ನಮ್ಮ ಟ್ರ್ಯಾಕ್ಟರ್ ಟ್ರೈಲರಿಗೆ ತಪ್ಪದೆ ಗ್ರೀಸು ಹಾಕಿದರೂ ಚಕ್ರದ ಬೇರಿಂಗ್ ಹೋಗುತ್ತದಲ್ಲ, ಏಕೆ? – ಓದುಗರು, ಮಿರ್ಲೆ

ಉತ್ತರ: ನನ್ನ ಗುಮಾನಿ ಆಯಿಲ್ ಸೀಲಿನ ಮೇಲೆ. ಅದು ಸವೆದಿದ್ದರೆ ಗದ್ದೆಯ ಕೆಸರು, ನಾಲೆಯ ನೀರು ಹಬ್ಬಿನೊಳಕ್ಕೆ ನುಗ್ಗುತ್ತವೆ. ಹಳೆ ಗ್ರೀಸಿನ ಮೇಲೆ ಹೊಸದನ್ನು ಮೆತ್ತಿದರೆ ಆ ಮಣ್ಣೇ ರೋಲರುಗಳನ್ನು ಅರೆದುಹಾಕುತ್ತದೆ. ಬೇರಿಂಗ್ ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಅಂಗೈಯಲ್ಲಿ ಗ್ರೀಸಿಟ್ಟುಕೊಂಡು ರೋಲರುಗಳ ಸಂದು ತುಂಬುವ ತನಕ ಒತ್ತಿ. ಹಬ್ಬಿಗೆ ಮಾತ್ರ ಇಡಿಕಿರಿದು ತುಂಬಬೇಡಿ, ಕಾಯುತ್ತದೆ. ನಟ್ಟು ಬಿಗಿದು, ತುಸು ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಬಿಗಿದೇ ಬಿಟ್ಟರೆ (ನಮ್ಮವರ ಚಾಳಿ ಇದು!) ಬೇರಿಂಗ್ ಸುಟ್ಟೀತು. ಕಬ್ಬು ಕಟಾವಿಗೆ ಮುಂಚೆ ಸೀಲನ್ನೂ ಬದಲಾಯಿಸಿ. ಅದರ ಬೆಲೆ ಬೇರಿಂಗಿಗಿಂತ ಕಡಿಮೆ.