ಅಂಗಡಿಯ ಲೇಪಕ್ಕೆ ಮನೆಯ ರುಚಿ

ನಮ್ಮ ಬಾಲ್ಯದಲ್ಲಿ ಮಕ್ಕಳ ಹುಟ್ಟುಹಬ್ಬವೆಂದರೆ ಎಣ್ಣೆನೀರು, ಆರತಿ, ಪಾಯಸ, ಹಿರಿಯರಿಗೆ ನಮಸ್ಕಾರ, ಇಷ್ಟೇ ಆಗಿದ್ದಿತು. ಈಗಲಾದರೋ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಸಣ್ಣ ಊರುಗಳಲ್ಲಿಯೂ ಕೇಕಿಲ್ಲದೆ ಆ ಸಂಭ್ರಮವು ಪೂರ್ಣವಾಗುವುದಿಲ್ಲ. ಹಾಸನದ ಕಡೆಯ ತಿರುಮಲಾಚಾರ್ಯರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ. ಬಿ. ಬೇಕರಿಯನ್ನು ತೆರೆದರೆಂದು ಹೇಳುವರು. ಅಯ್ಯಂಗಾರರ ಬೇಕರಿಗಳು ಅನಂತರ ನಾಡೆಲ್ಲ ಹಬ್ಬಿದುವು. ಆದುದರಿಂದ ಕೇಕನ್ನು ಪರಕೀಯವೆಂದು ಹಳಿಯುವುದು ನಮ್ಮ ಉದ್ದೇಶವಲ್ಲ. ನಾವು ಹೇಳಹೊರಟಿರುವುದು ಅದರ ಮೇಲಣ ಬಿಳಿಯ ಲೇಪದ ವಿಷಯ.

ಕಳೆದ ವರ್ಷ ನಮ್ಮ ಮೊಮ್ಮಗಳ ಹುಟ್ಟುಹಬ್ಬದಂದು ಮನೆಯಾಕೆಯು ಬೆಳಗಿನ ಜಾವದಲ್ಲಿಯೇ ಎದ್ದು ಮೊಸರು ಕಡೆದು, ಹೋಳಿಗೆಗೆಂದು ಬೆಣ್ಣೆ ತೆಗೆದಿರಿಸಿದ್ದರು. ಸಂಜೆ ಅಂಗಡಿಯಿಂದ ಕೇಕು ಬಂದಿತು. ಮಗುವು ಅದನ್ನು ಕತ್ತರಿಸಿ, ಒಂದು ತುತ್ತು ತಿಂದು, ಲೇಪವನ್ನೆಲ್ಲ ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸಿತು. ನೋಡಿದರೆ ಎಲ್ಲರ ತಟ್ಟೆಗಳಲ್ಲಿಯೂ ಅದೇ ಗತಿ! ಹೊಟ್ಟೆ ತುಂಬಿತೆಂದು ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ. “ಅಂಗಡಿಯದೂ ರುಚಿಸಲಿಲ್ಲ, ಮನೆಯದೂ ಬೇಡವಾಯಿತು” ಎಂದು ಮನೆಯಾಕೆಯು ಪಾತ್ರೆಗಳನ್ನು ಎತ್ತುತ್ತ ಮೆಲ್ಲಗೆ ಹೇಳಿದರು. ಆ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ಇವೆರಡನ್ನೂ ಒಂದೇ ತಟ್ಟೆಯಲ್ಲಿ ಕೂಡಿಸಲಾಗದೆ ಎಂದು ಯೋಚಿಸತೊಡಗಿದೆವು.

ಮೊದಲು ದೋಷವೆಲ್ಲಿದೆಯೆಂಬುದನ್ನು ತಿಳಿಯಬೇಕು. ಡಬ್ಬಿಗಳಲ್ಲಿ ಸಿದ್ಧವಾಗಿ ದೊರೆಯುವ ಲೇಪಗಳಲ್ಲಿ ಬಹುಮಟ್ಟಿಗೆ ಇರುವುದು ಸಕ್ಕರೆ ಮತ್ತು ಸಸ್ಯಜನ್ಯವಾದ ಗಟ್ಟಿ ಕೊಬ್ಬು. ಬೆಣ್ಣೆಯು ಸುಮಾರು 32ರಿಂದ 35 ಡಿಗ್ರಿ ಉಷ್ಣದಲ್ಲಿ ಕರಗುವುದು. ಬಾಯಿಯ ಉಷ್ಣವು ಸುಮಾರು 37 ಡಿಗ್ರಿ. ಆದಕಾರಣ ಬೆಣ್ಣೆಯು ನಾಲಗೆಯ ಮೇಲೆ ಕೂಡಲೆ ಕರಗಿ ತನ್ನ ಪರಿಮಳವನ್ನು ಬಿಡುವುದು. ಬಿಸಿಲಿನಲ್ಲಿಯೂ ನಿಲ್ಲಲೆಂದು ಗಟ್ಟಿಮಾಡಿದ ಕೊಬ್ಬಾದರೋ ಮೇಣದಂತೆ ಅಂಗುಳಿಗೆ ಅಂಟಿಕೊಳ್ಳುವುದು. ಕೊಳ್ಳುವಾಗ ಡಬ್ಬಿಯ ಮೇಲಣ ಬರಹವನ್ನು ಓದುವುದು ಲೇಸು. ಕೊಬ್ಬಿನಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಅಂಶವು 100ಕ್ಕೆ 2ನ್ನು ಮೀರಕೂಡದೆಂದು 2022ರ ಜನವರಿ 1ರಿಂದ ನಮ್ಮ ದೇಶದಲ್ಲಿ ನಿಯಮವಿದೆ.

ಎರಡನೆಯ ದೋಷವು ರಸಕ್ಕೆ ಸಂಬಂಧಿಸಿದುದು. ನಮ್ಮ ಶಾಸ್ತ್ರಕಾರರು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯವೆಂದು ಆರು ರಸಗಳನ್ನು ಹೇಳಿರುವರು. ಈ ಲೇಪದಲ್ಲಿರುವುದು ಒಂದೇ ರಸ, ಅದೂ ಮಿತಿಮೀರಿ. ಪಾಯಸಕ್ಕೆ ಏಲಕ್ಕಿಯನ್ನೂ ಹೋಳಿಗೆಯ ಹಿಟ್ಟಿಗೆ ಚಿಟಿಕೆ ಉಪ್ಪನ್ನೂ ಹಾಕುವ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಲಾವಣ್ಯವೆಂಬ ಪದವೇ ಲವಣದಿಂದ ಹುಟ್ಟಿದುದು! ಸಿಹಿಯ ಚೆಲುವು ಹೆಚ್ಚುವುದು ಸಿಹಿಯಿಂದಲ್ಲ, ಅನ್ಯರಸದ ಲೇಶದಿಂದ.

ಇನ್ನು ವಿಧಾನ. 200 ಗ್ರಾಂ ಗಟ್ಟಿಯಾದ ಲೇಪಕ್ಕೆ ಸುಮಾರು 50 ಗ್ರಾಂ ಮನೆಯ ಬೆಣ್ಣೆಯನ್ನು ತೆಗೆದುಕೊಳ್ಳಬೇಕು. ಅದನ್ನು ತಣ್ಣೀರಿನಲ್ಲಿ ಎರಡು ಮೂರು ಬಾರಿ ತೊಳೆದು, ಮರದ ಸೌಟಿನಿಂದ ಒತ್ತಿ ಮಜ್ಜಿಗೆಯ ಅಂಶವನ್ನೆಲ್ಲ ಹಿಂಡಿಬಿಡತಕ್ಕದ್ದು. ನೀರು ಉಳಿದರೆ ಲೇಪವು ಒಡೆಯುವುದು. ಬೆಣ್ಣೆಯು ಬೆರಳೊತ್ತಿದರೆ ತಗ್ಗುವಷ್ಟು ಮೃದುವಾಗಿರಬೇಕು, ಕರಗಿರಬಾರದು. ಅದನ್ನು ಮೊದಲು ಚೆನ್ನಾಗಿ ನಾದಿ, ಲೇಪವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, ಹಗುರಾಗುವವರೆಗೆ ಕಡೆಯಬೇಕು. ಕಡೆಯಲ್ಲಿ ಪುಡಿಮಾಡಿದ ಉಪ್ಪು ಒಂದು ಚಿಟಿಕೆ, ನಿಂಬೆಯ ರಸ ನಾಲ್ಕೈದು ತೊಟ್ಟು. ಇಷ್ಟರಿಂದಲೇ ಮುಕ್ಕಾಲು ಪಾಲು ಕೆಲಸವಾಯಿತು.

ಬೆಣ್ಣೆಯ ಮಾತು ಬಂದುದರಿಂದ ಹುಣಸೂರಿನವರು ಮರೆಯಬಾರದ ಸಂಗತಿಯೊಂದನ್ನು ಹೇಳುವೆವು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ಯೆಂದೇ ಹೆಸರಿದ್ದಿತು. ಟೀಪೂ ಸುಲ್ತಾನನು ಅದನ್ನು ‘ಅಮೃತಮಹಲ್’ ಎಂದು ಕರೆದನು. 19ನೆಯ ಶತಮಾನದಲ್ಲಿ ಅದರ ಮುಖ್ಯ ಸ್ಥಾನವು ನಮ್ಮ ಹುಣಸೂರೇ ಆಗಿದ್ದಿತು. ಬೆಣ್ಣೆಯ ಹೆಸರಿನಲ್ಲಿ ಇಲಾಖೆಯನ್ನೇ ನಡೆಯಿಸಿದ ಸೀಮೆಯ ಮಕ್ಕಳು ಬೆಣ್ಣೆಯಿಲ್ಲದ ಲೇಪವನ್ನು ತಿನ್ನುವುದು ವಿಚಿತ್ರವಲ್ಲವೆ?

ಉಳಿದ ತಾಲ್ಲೂಕುಗಳೂ ಬರಿಗೈಯಲ್ಲಿಲ್ಲ. ಪಿರಿಯಾಪಟ್ಟಣದ ಮಾರ್ಗವಾಗಿ ಕೊಡಗಿನ ಕಾಫಿಯೂ ಏಲಕ್ಕಿಯೂ ನಮಗೆ ಸಮೀಪ. ಕಾಫಿಯ ಕಹಿಯು ಅತಿಯಾದ ಸಿಹಿಯನ್ನು ಚೆನ್ನಾಗಿ ತಡೆಯುವುದು. ಆದರೆ ಡಿಕಾಕ್ಷನ್ನು ಗಟ್ಟಿಯಾಗಿರಬೇಕು, ಪೂರ್ಣ ತಣಿದಿರಬೇಕು, ಒಂದು ಚಮಚವನ್ನು ಮೀರಬಾರದು. ನಾವು ಮೊದಲ ಸಲ ಅವಸರದಿಂದ ಬಿಸಿಯಾದುದನ್ನೇ ಸುರಿದು, ಲೇಪವೆಲ್ಲ ಸಾರಿನಂತಾಗಿ, ಮನೆಯವರ ನಗೆಗೆ ಗುರಿಯಾದೆವು. ಕಾವೇರಿಯ ನಾಲೆಗಳಿಂದ ಕಬ್ಬು ಬೆಳೆಯುವ ಕೃಷ್ಣರಾಜನಗರದ ಕಡೆಯವರು ಬೆಲ್ಲವನ್ನು ಸೋಸಿ, ಗಟ್ಟಿ ಪಾಕ ತೆಗೆದು, ಆರಿದ ಮೇಲೆ ಒಂದು ಚಮಚ ಬೆರೆಸಬಹುದು. ಸಕ್ಕರೆಗಿಲ್ಲದ ಕಂಪು ಅದಕ್ಕುಂಟು. ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ಜೇನುಕುರುಬರು ತಲೆತಲಾಂತರದಿಂದ ಜೇನು ಕೀಳುತ್ತ ಬಂದವರು. ಆ ಜೇನು ಒಂದು ಚಮಚವಿದ್ದರೆ ಬೇರೊಂದು ಸುವಾಸನೆಯೇ ಬೇಡ. ಒಂದು ವರ್ಷ ತುಂಬದ ಶಿಶುಗಳಿಗೆ ಮಾತ್ರ ಜೇನನ್ನು ಸರ್ವಥಾ ಕೊಡಕೂಡದು. ಈ ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳುವುದು ವಿಹಿತ. ಎಲ್ಲವನ್ನೂ ಸುರಿದರೆ ಯಾವುದೂ ತಿಳಿಯದು.

ಹಿಮಗಟ್ಟಿಸಿ ಮಾರುವ ಕ್ರೀಮಿನ ರೀತಿ ಬೇರೆ. ಅದನ್ನು ಶೀತಪೆಟ್ಟಿಗೆಯಲ್ಲಿಯೇ ಕರಗಲು ಬಿಟ್ಟು, ಪಾತ್ರೆಯನ್ನೂ ತಣ್ಣಗೆ ಮಾಡಿಕೊಂಡು, ಚಳಿಯಿರುವಾಗಲೇ ಕಡೆಯಬೇಕು. ಬೆಚ್ಚಗಾದರೆ ಒಳಗಿನ ಗಾಳಿಯು ಹಾರಿ ಕ್ರೀಮು ಕುಸಿಯುವುದು. ಅದರಲ್ಲಿ ಮೊದಲೇ ಸಕ್ಕರೆಯಿರುವುದರಿಂದ ಮತ್ತೆ ಹಾಕಬೇಕಾದುದಿಲ್ಲ. ಚಿಟಿಕೆ ಉಪ್ಪು, ಏಲಕ್ಕಿಯ ಪುಡಿ ಸಾಕು. ಹೇಗೆ ಮಾಡಿದರೂ ಲೇಪವನ್ನು ತೆಳುವಾಗಿ ಸವರಿ, ಉಳಿದುದನ್ನು ತಂಪಿನಲ್ಲಿಟ್ಟು ಎರಡು ದಿನಗಳಲ್ಲಿ ಮುಗಿಸತಕ್ಕದ್ದು.

ಈ ವರ್ಷ ಬರಿಯ ಕೇಕನ್ನೂ ಒಂದು ಡಬ್ಬಿ ಲೇಪವನ್ನೂ ತಂದೆವು. ಮನೆಯಾಕೆಯು ಎಂದಿನಂತೆ ಜಾವದಲ್ಲಿ ಎದ್ದು ಬೆಣ್ಣೆ ತೆಗೆದರು; ಮೊಮ್ಮಗಳು ಮಣೆಯ ಮೇಲೆ ಕುಳಿತು ಲೇಪವನ್ನು ಕಡೆದಳು; ಉಪ್ಪು ಹಾಕುವ ಅಧಿಕಾರ ಮಾತ್ರ ನಮ್ಮದಾಗಿದ್ದಿತು. ಸಂಜೆ ತಟ್ಟೆಗಳ ಅಂಚಿನಲ್ಲಿ ಏನೂ ಉಳಿಯಲಿಲ್ಲ. “ಇದು ಯಾವ ಅಂಗಡಿಯದು?” ಎಂದು ನೆರೆಯ ಹುಡುಗನೊಬ್ಬನು ಕೇಳಿದನು. “ನಮ್ಮ ಅಜ್ಜಿಯದು” ಎಂದಳು ಮೊಮ್ಮಗಳು. ಮನೆಯಾಕೆಯು ಏನೂ ಹೇಳಲಿಲ್ಲ. ಆ ಹುಡುಗನಿಗೆ ಇನ್ನೊಂದು ತುಂಡನ್ನು ಬಡಿಸಿದರು.