ಹೇರು ಗಾಡಿಯ ವೇಗವೂ ಖೇಪಿನ ಲೆಕ್ಕವೂ

ಕಬ್ಬು ನುರಿಸುವ ಹಂಗಾಮು ಮೊದಲಾಯಿತೆಂದರೆ ಬಾಗಲಕೋಟೆ ಜಿಲ್ಲೆಯ ರಸ್ತೆಗಳ ರೂಪವೇ ಬದಲಾಗುತ್ತದೆ. ಮುಧೋಳ, ಜಮಖಂಡಿ, ಬೀಳಗಿಗಳ ಕಾರಖಾನೆಗಳತ್ತ ಎರಡೆರಡು ಟ್ರೇಲರುಗಳನ್ನು ಜಗ್ಗುತ್ತ ಟ್ರ್ಯಾಕ್ಟರುಗಳು ಹಗಲಿರುಳೂ ಸಾಲುಗಟ್ಟುತ್ತವೆ. ಅತ್ತ ಇಳಕಲ್ಲಿನ ಕೆಂಪು ಗ್ರಾನೈಟಿನ ದಿಮ್ಮಿಗಳನ್ನು ಹೊತ್ತ ಲಾರಿಗಳ ಸಂಚಾರವೋ ಹಂಗಾಮನ್ನೇ ಅರಿಯದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಮನೆಯನ್ನು ಬಿಟ್ಟುಕೊಟ್ಟು ನವನಗರದ ಅಗಲವಾದ ಬೀದಿಗಳಿಗೆ ಬಂದು ನೆಲಸಿದ ಗೃಹಸ್ಥನು, ಊರ ಹೊರಗಿನ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನವನ್ನು ಈ ಭಾರಗಳ ನಡುವೆಯೇ ನಡೆಯಿಸಬೇಕಾಗಿದೆ.

ಇಂಥ ಗಾಡಿಗೆ ನಿರಪಾಯವಾದ ವೇಗವಾವುದು? ೨೦೧೮ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಅಧಿಸೂಚನೆಯು ಸರಕು ವಾಹನಗಳಿಗೆ ನಾಲ್ಕು ಪಥದ ವಿಭಜಿತ ಹೆದ್ದಾರಿಯಲ್ಲಿ ತಾಸಿಗೆ ೮೦ ಕಿಲೋಮೀಟರು, ಉಳಿದ ರಸ್ತೆಗಳಲ್ಲಿ ೬೦ ಎಂದು ಪರಮಾವಧಿಯನ್ನು ವಿಧಿಸಿತು. ಪರಮಾವಧಿಯೆಂದರೆ ಮೀರಬಾರದ ಎಲ್ಲೆಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ಸ್ವಲ್ಪ ಗಣಿತ ಮಾಡೋಣ. ಚಾಲಕನು ಅಪಾಯವನ್ನು ಕಂಡು ಬ್ರೇಕನ್ನು ತುಳಿಯಲು ಒಂದೂವರೆ ಸೆಕೆಂಡು ಬೇಕೆಂದೂ, ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೆ ೪ ಮೀಟರಿನಂತೆ ವೇಗವನ್ನು ಕುಗ್ಗಿಸುವುದೆಂದೂ ಹಿಡಿದರೆ, ೪೦ರ ವೇಗದ ಲಾರಿ ಸುಮಾರು ೩೨ ಮೀಟರಿಗೆ ನಿಲ್ಲುವುದು. ೬೦ರದಕ್ಕೆ ೬೦ ಮೀಟರು, ೮೦ರದಕ್ಕೆ ೯೫ ಮೀಟರು ಬೇಕು. ವೇಗ ಇಮ್ಮಡಿಯಾದರೆ ಹಾದಿ ಮುಮ್ಮಡಿಯಾಯಿತು! ರಾತ್ರಿ ಎದುರಿನ ದೀಪದ ಕುಕ್ಕಿಗೆ ಕಣ್ಣು ಕತ್ತಲಿಟ್ಟವನಿಗೆ ಅಷ್ಟು ದೂರ ಕಾಣುವುದೆಲ್ಲಿಂದ?

ಇದು ಒಳ್ಳೆಯ ಬ್ರೇಕಿನ ಮಾತು. ಕಬ್ಬಿನ ಟ್ರೇಲರುಗಳಲ್ಲಿ ಎಷ್ಟಕ್ಕೋ ಸ್ವಂತ ಬ್ರೇಕೇ ಇರುವುದಿಲ್ಲ. ಹಿಂದಿನ ಭಾರವೆಲ್ಲವನ್ನೂ ಮುಂದಿನ ಟ್ರ್ಯಾಕ್ಟರೇ ತಡೆಯಬೇಕು. ಇಳಿಜಾರಿನಲ್ಲಿ ತಡೆಯಹೋದರೆ ಟ್ರೇಲರು ಮುಂದೊತ್ತಿ ಗಾಡಿಯನ್ನು ಕೊಕ್ಕೆಯಂತೆ ಮಡಿಸುತ್ತದೆ. ಗ್ರಾನೈಟಿನ ಒಂದು ಘನಮೀಟರು ಸುಮಾರು ೨.೭ ಟನ್ನು ತೂಗುವುದರಿಂದ ಎಂಟು ಘನಮೀಟರಿನ ದಿಮ್ಮಿ ೨೧ ಟನ್ನಿಗೂ ಮಿಗಿಲು. ಸರಪಳಿ ಸಡಿಲಾದರೆ ಬ್ರೇಕು ಲಾರಿಯನ್ನು ನಿಲ್ಲಿಸಬಹುದು, ಕಲ್ಲನ್ನು ನಿಲ್ಲಿಸಲಾರದು. ಟ್ರ್ಯಾಕ್ಟರಿಗೆ ಧ್ವನಿವರ್ಧಕಗಳನ್ನು ಕಟ್ಟಿ ಊರಿಗೆಲ್ಲ ಹಾಡು ಕೇಳಿಸುವ ಮಾಲಕರು ಟ್ರೇಲರಿನ ಬೆನ್ನಿಗೊಂದು ಕೆಂಪು ಪ್ರತಿಫಲಕವನ್ನು ಅಂಟಿಸಲು ಮಾತ್ರ ಕೈ ಹಿಡಿಯುವುದನ್ನು ಕಂಡು ನಮಗೆ ಸೋಜಿಗವಾಗುತ್ತದೆ.

ಆದರೂ ದೋಷವನ್ನೆಲ್ಲ ಚಾಲಕನ ತಲೆಗೆ ಕಟ್ಟಲು ನಾವು ಸಿದ್ಧರಿಲ್ಲ. ಕಡಿದ ಕಬ್ಬು ಒಣಗಿದಷ್ಟೂ ಸಕ್ಕರೆ ಕುಂದುತ್ತದೆ. ಬಾಡಿಗೆ ಟನ್ನಿನ ಮೇಲೆ. ಕಾರಖಾನೆಯ ಅಂಗಳದಲ್ಲಿ ಸರದಿ ಕಾಯುತ್ತ ಕಳೆದ ಹೊತ್ತಿಗೆ ಕಾಸಿಲ್ಲ. ಅಲ್ಲಿ ಹೋದ ತಾಸುಗಳನ್ನು ಅವನು ರಸ್ತೆಯಲ್ಲಿ ವಸೂಲು ಮಾಡುತ್ತಾನೆ. ೧೯೮೮ರ ಮೋಟಾರು ವಾಹನ ಕಾಯಿದೆಯನ್ನು ರಚಿಸಿದವರು ಇದನ್ನು ಅರಿಯದವರಲ್ಲ. ಅದರ ೧೮೩ನೆಯ ಕಲಮು ವೇಗದ ಮಿತಿಯನ್ನು ಮೀರಿದವನನ್ನಷ್ಟೇ ಅಲ್ಲ, ತನ್ನ ಸೇವಕನಿಂದ ಮೀರಿಸಿದವನನ್ನೂ ದಂಡಿಸುತ್ತದೆ. ಮಿತಿಯನ್ನು ಮೀರದೆ ಮುಗಿಯದಂಥ ಅವಧಿಯೊಳಗೆ ಪ್ರಯಾಣವನ್ನು ತೀರಿಸೆಂದು ಆಜ್ಞೆ ಕೊಟ್ಟಿದ್ದರೆ, ಆ ಆಜ್ಞೆಯನ್ನೇ ಅಪರಾಧಕ್ಕೆ ಮೇಲ್ನೋಟದ ಸಾಕ್ಷಿಯೆಂದು ಎಣಿಸುತ್ತದೆ. ಈ ಅಸ್ತ್ರವು ಬತ್ತಳಿಕೆಯಲ್ಲಿಯೇ ತುಕ್ಕು ಹಿಡಿಯಬೇಕೆ?

ಕಾರಖಾನೆಯ ತೂಕದ ಕಟ್ಟೆಯಲ್ಲಿ ಪ್ರತಿಯೊಂದು ಖೇಪಿಗೂ ಚೀಟಿ ಬರೆಯಲಾಗುತ್ತದೆ. ಗಾಡಿ ಹೊಲದಿಂದ ಹೊರಟ ಹೊತ್ತನ್ನೂ ಅದರಲ್ಲಿ ಕಾಣಿಸಿ, ಬ್ರೇಕು, ಹಿಂಬದಿ ದೀಪ, ಕೊಂಡಿಗಳನ್ನು ಅಲ್ಲಿಯೇ ಪರೀಕ್ಷಿಸಿ, ಕಾಯ್ದ ತಾಸುಗಳಿಗೂ ಬಾಡಿಗೆ ಕಟ್ಟಿಕೊಡುವುದು ಅಸಾಧ್ಯವೇನಲ್ಲ. ಸಾರಿಗೆ ಅಧಿಕಾರಿಗಳೂ ಕಾರಖಾನೆಯ ಆಡಳಿತದವರೂ ಮುಂದಿನ ಹಂಗಾಮಿನ ಮೊದಲ ಗಾಡಿ ಹೊರಡುವುದರೊಳಗಾಗಿ ಒಂದೆಡೆ ಕುಳಿತು ಇದನ್ನು ಇತ್ಯರ್ಥಪಡಿಸಬೇಕೆಂದು ನಾವು ಕೇಳುತ್ತೇವೆ.